ಅಪರಿಚಿತ ವ್ಯಕ್ತಿ ಒಂದು

ಜನವರಿ 12, ಸೋಮವಾರ

ಇವತ್ತಂತೂ ಚಿನ್ನಮ್ಮನ ಮುಖ ಫೋನಿಗೆ ಹಿಡಿಸಲಿಲ್ಲ. ಬೆಳಿಗ್ಗೆ ಎಸ್ಟೇಟಿನ ಸ್ಟೋರ್ ಮುಂದೆ ನಲವತ್ತು ಹೆಂಗಸರು ಸಾಲಾಗಿ ನಿಂತಿರುತ್ತಾರೆ, ಮಂಜು ಇನ್ನೂ ಕರಗಿರುವುದಿಲ್ಲ, ನಾನು ಒಬ್ಬೊಬ್ಬರ ಮುಂದೆ ಫೋನ್ ಹಿಡಿದುಕೊಂಡು ಹೋಗಬೇಕು. ಮುಖದ ಸುತ್ತ ಹಸಿರು ಚೌಕ ಬಂದರೆ ಹಾಜರಿ, ಕೆಂಪು ಬಂದರೆ ಇಲ್ಲ. ಚಿನ್ನಮ್ಮನದು ಕೆಂಪು, ಕೆಂಪು, ಮತ್ತೂ ಕೆಂಪು. ಬೇರೆ ದಿನ ಐದಾರು ಸಲ ಹಿಡಿದ ಮೇಲಾದರೂ ಹಸಿರು ಬರುತ್ತಿತ್ತು.

"ಇರೋ ಮೊಕ ಇದೇ ರೈಟ್ರಮ್ಮ, ಇನ್ನೊಂದ ಎಲ್ಲಿಂದ ತರ್ಲಿ?" ಅಂದಳು.

"ನೆಟ್ಟಗೆ ನಿಂತ್ಕೊ. ಒಂದು ಫೋಟೋ ಹಿಡಿದ್ರೆ ಮುಖವೇನು ಸವೆದು ಹೋಗುತ್ತಾ?" ಅಂದೆ. ಸಾಲಿನವರು ನಕ್ಕರು.

ಮೇಸ್ತ್ರಿ ಲಕ್ಕಯ್ಯ ಮಧ್ಯೆ ಬಾಯಿ ಹಾಕಿದ. "ಆವಮ್ಮ ನಮ್ ಚಿನ್ನಮ್ಮನೇ ಕಣ್ರೀ, ನೀವೂ ಕಂಡಿರೋರೇ. ಬರ್ಕೊಳ್ಳಿ ಅತ್ಲಾಗೆ." ಬರೆದುಕೊಳ್ಳುವ ಕಾಲ ಮುಗಿಯಿತಲ್ಲ ಮಾರಾಯ. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕವನ್ನು ಸಾಹುಕಾರರ ಮಗ ಪ್ರಜ್ವಲ್ ಡಿಸೆಂಬರಿನಲ್ಲೇ ಬೀರುವಿಗೆ ಹಾಕಿಸಿದ್ದಾರೆ. ಹತ್ತು ಸಲ ಹಿಡಿದರೂ ಕೆಂಪೇ ಬಂದಾಗ ಚಿನ್ನಮ್ಮನನ್ನು ಅವತ್ತಿನ ಕೂಲಿಯಿಲ್ಲದೆ ಲೈನ್ ಮನೆಗೆ ವಾಪಸ್ ಕಳಿಸಿದೆ. ಫೋನ್ ಒಪ್ಪದಿದ್ದರೆ ನಾನೇನು ಮಾಡಲಿ? ಅರ್ಧ ಗಂಟೆ ಹಾಳು.

ನಿಜ ಹೇಳಬೇಕೆಂದರೆ ತಲೆಯಲ್ಲಿ ಪರೀಕ್ಷೆ ಕೂತಿದೆ. ಗ್ರಂಥಾಲಯ ವಿಜ್ಞಾನದ ಡಿಪ್ಲೊಮಾಕ್ಕೆ ಉಳಿದಿರುವುದು ಎರಡೇ ಪೇಪರು, 24ಕ್ಕೆ ಒಂದು, 31ಕ್ಕೆ ಒಂದು. ಮಧ್ಯಾಹ್ನ ಎರಡರಿಂದ ನಾಲ್ಕು, ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ಬರೆಯುವುದು. ಸಕಲೇಶಪುರದ ಕಾನ್ವೆಂಟ್ ಶಾಲೆಯ ಲೈಬ್ರರಿಯನ್ ಮಾರ್ಚಿಗೆ ನಿವೃತ್ತಿ. "ಪಾಸಾದ ಕಾಗದ ತಂದುಕೊಡು ಕ್ಯಾರೋಲಿನ್, ಜಾಗ ನಿನಗೇ" ಅಂದಿದ್ದಾರೆ ಸಿಸ್ಟರ್. ವನಗೂರಿನ ಈ ಎಸ್ಟೇಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ನಲವತ್ತೆರಡಾಯಿತು. ಯಾರನ್ನೂ ಎಣಿಸದೆ, ಯಾರಿಗೂ ಕೂಗದೆ, ಪುಸ್ತಕಗಳ ಮಧ್ಯೆ ಕೂರುವ ಕೆಲಸವೊಂದು ನನಗೂ ಸಿಗಲಿ.

ಜನವರಿ 14, ಬುಧವಾರ

ಅಣಕು ಪರೀಕ್ಷೆ ಇತ್ತು. ಪ್ರಶ್ನೆಗಿಂತ ಮೊದಲು ಮಾರುದ್ದದ ಒಪ್ಪಿಗೆ ಪತ್ರ. ಕ್ಯಾಮೆರಾ ನಿಮ್ಮನ್ನು ನೋಡುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ, ನಿಮ್ಮ ಮುಖದ ಅಳತೆ ತೆಗೆದು "ಅಗತ್ಯವಿರುವಷ್ಟು ಕಾಲ" ಇಟ್ಟುಕೊಳ್ಳುತ್ತೇವೆ. ಯಾರ ಅಗತ್ಯ, ಎಷ್ಟು ಕಾಲ ಅಂತ ಬರೆದಿಲ್ಲ. ಕೆಳಗೆ ಎರಡು ಗುಂಡಿ: ಒಪ್ಪುತ್ತೇನೆ, ಹೊರಹೋಗುತ್ತೇನೆ. ಕೇಳುವ ಚಂದ ನೋಡು! ಒಪ್ಪಿದೆ.

ಆಮೇಲೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ನಾಲ್ಕೂ ಗೋಡೆ ತೋರಿಸಬೇಕಂತೆ. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಹಾಲಿನ ಕಿಟಕಿಯ ಪಕ್ಕ ಮಾತ್ರ. ಅಲ್ಲೇ ನಮ್ಮಮ್ಮ ಮಾಂಯ್‌ಳ ಔಷಧಿ, ಬಿಸಿನೀರಿನ ಫ್ಲಾಸ್ಕು, ಹಗ್ಗದ ಮೇಲೆ ಒಣಗಲು ಹಾಕಿದ ಅವಳ ಲಂಗ. ಎಲ್ಲವನ್ನೂ ಯಾರಿಗೋ ಮೆರವಣಿಗೆ ಮಾಡಿ ತೋರಿಸಿದೆ.

ಕೂತು ಐದು ನಿಮಿಷ ಆಗಿಲ್ಲ, ಪರದೆಯ ತುಂಬ ಕೆಂಪಕ್ಷರ: ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಇದ್ದಾರೆ. ಮಾಂಯ್ ಒಳಗೆ ಮಲಗಿದ್ದಳು. ತಿರುಗಿ ನೋಡುತ್ತೇನೆ, ಬೆನ್ನ ಹಿಂದೆ ನಮ್ಮ ಆಲ್ತಾರ್, ದೇವರ ಪೀಠ. ಅದರ ಮೇಲೆ ಯೇಸುವಿನ ಪವಿತ್ರ ಹೃದಯದ ದೊಡ್ಡ ಪಟ, ಮುಂದೆ ಉರಿಯುವ ಕೆಂಪು ಬಲ್ಬು. ಇನ್ನೊಬ್ಬ ಇದ್ದಾನೆ, ಸರಿಯೇ. ಅಪ್ಪ ಮಂಗಳೂರಿನಿಂದ ಇಲ್ಲಿಗೆ ರೈಟರ್ ಕೆಲಸಕ್ಕೆ ಬಂದ ವರ್ಷದಿಂದಲೂ ಇದ್ದಾನೆ. ಆದರೆ ಇದುವರೆಗೆ ಅವನು ನನಗೆ ಒಂದು ಉತ್ತರವನ್ನೂ ಹೇಳಿಕೊಟ್ಟಿಲ್ಲ.

ಜನವರಿ 16, ಶುಕ್ರವಾರ

ಸಂಕ್ರಾಂತಿ ರಜೆ ಕಳೆಯಿತು. ಸಹಾಯವಾಣಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಒಬ್ಬ ಹುಡುಗಿ ಸಿಕ್ಕಳು.

"ದೇವರ ಫೋಟೋ ತೆಗೆದುಬಿಡಿ ಮೇಡಂ."

"ಅದನ್ನು ಗೋಡೆಗೆ ಕೂರಿಸಿದ್ದಾರೆ, ಕೀಳೋಕ್ಕಾಗಲ್ಲ."

"ಹಾಗಾದ್ರೆ ಮುಚ್ಚಿ. ಪರೀಕ್ಷೆ ನಡೆಯುವಾಗ ಎರಡನೇ ಮುಖ ಕಂಡ್ರೆ ಸಿಸ್ಟಂ ತಾನಾಗೇ ನಿಲ್ಲಿಸುತ್ತೆ."

"ನಮ್ಮ ಮನೆಯೊಳಗಿನ ವಿಡಿಯೋ ಯಾರು ನೋಡ್ತಾರೆ?"

"ಸಿಸ್ಟಂ ನೋಡುತ್ತೆ ಮೇಡಂ."

ಸಿಸ್ಟಂ ಅನ್ನುವವನ ಊರು ಯಾವುದು, ಅವನಿಗೆ ಹೆಂಡತಿ ಮಕ್ಕಳಿದ್ದಾರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಜಾಗ ಬೇಕಾಗಿರುವುದು ನನಗೆ.

ಜನವರಿ 19, ಸೋಮವಾರ

ಕಾಫಿ ಹಣ್ಣು ಉದುರುತ್ತಿದೆ, ಆಳು ಸಾಲದು, ಪ್ರಜ್ವಲ್ ಬೆಳಿಗ್ಗೆಯೇ ಜೀಪಿನಲ್ಲಿ ಬಂದು ಸ್ಟೋರ್ ಮುಂದೆ ನಿಂತಿದ್ದರು. ಅವರೆದುರಿಗೇ ಚಿನ್ನಮ್ಮನದು ಮತ್ತೆ ಕೆಂಪು. ನನಗೆ ಮೈಯೆಲ್ಲ ಉರಿದುಹೋಯಿತು. "ಆ ತಲೆಬಟ್ಟೆ ಬಿಚ್ಚು, ಬೆಳಕಿಗೆ ಬಾ" ಅಂದೆ. ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ ಕಣ್ರವ್ವ." ನಾನು ಬಿಡಲಿಲ್ಲ. ಕಣದ ನಡುವೆ ಬಿಸಿಲು ಬಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ ಬಿಚ್ಚಿಸಿದೆ.

ಹೋದ ವರ್ಷ ಹಾಸನದಲ್ಲಿ ಕ್ಯಾನ್ಸರಿಗೆ ಔಷಧಿ ಮಾಡಿಸಿಕೊಂಡು ಬಂದವಳು. ತಲೆಯಲ್ಲಿ ಅಲ್ಲಲ್ಲಿ ಮಾತ್ರ ಕೂದಲಿತ್ತು. ಯಾರೋ ಕಿಸಕ್ಕೆಂದರು. ಫೋನು ಹಸಿರು ತೋರಿಸಿತು. ಎಲ್ಲ ಸೇರಿ ಎರಡು ನಿಮಿಷದ ಕೆಲಸ, ಮೊದಲೇ ಹೀಗೆ ಮಾಡಿದ್ದರೆ ಒಂದು ವಾರದ ರಗಳೆ ತಪ್ಪುತ್ತಿತ್ತು. ಇನ್ನು ದಿನಾ ಹೀಗೇ ನಿಲ್ಲಬೇಕು ಎಂದು ಹೇಳಿ ಕಳಿಸಿದೆ.

ವರ್ಗೀಕರಣದ ಅಧ್ಯಾಯ ಇನ್ನೂ ಅರ್ಧ ಬಾಕಿ.

ಜನವರಿ 23, ಶುಕ್ರವಾರ

ನಾಳೆ ಪರೀಕ್ಷೆ. ಆಲ್ತಾರಿಗೆ ಬೆಡ್‌ಶೀಟ್ ಹಾಕಿ ನೋಡಿದೆ, ಅದರ ಹೂವುಗಳಲ್ಲೂ ಸಿಸ್ಟಂಗೆ ಮುಖ ಕಂಡೀತೆಂದು ಭಯವಾಯಿತು. ಕೊನೆಗೆ ಪೆಟ್ಟಿಗೆಯಿಂದ ನೇರಳೆ ಬಟ್ಟೆ ತೆಗೆದೆ. ಪವಿತ್ರ ವಾರದಲ್ಲಿ ಪಟಕ್ಕೆ ಮುಸುಕು ಹಾಕುವುದಕ್ಕೆಂದೇ ಅಪ್ಪ ಹೊಲಿಸಿದ್ದು. ಇಗರ್ಜಿಯಲ್ಲಿ ಪ್ರತಿಮೆಗಳಿಗೆ ಹಾಕುವ ಹಾಗೆ ನಮ್ಮ ಮನೆಯಲ್ಲೂ ಹಾಕುತ್ತೇವೆ, ಶುಭ ಶುಕ್ರವಾರ ಕಳೆದ ಮೇಲೆ ತೆಗೆಯುತ್ತೇವೆ. ಅಳತೆ ಸರಿಯಾಗಿ ಕೂತಿತು. ಬಲ್ಬು ಆರಿಸಿದೆ. ಅಣಕು ಪರೀಕ್ಷೆ ಮತ್ತೆ ಹಾಕಿ ನೋಡಿದೆ, ಎರಡನೇ ವ್ಯಕ್ತಿ ಇಲ್ಲ.

ಮಾಂಯ್ ಕೋಲೂರಿಕೊಂಡು ಬಂದು ಬಹಳ ಹೊತ್ತು ನಿಂತು ನೋಡಿದಳು. ಎಪ್ಪತ್ತೊಂಬತ್ತು ಅವಳಿಗೆ. ಹೆತ್ತ ಮಗಳ ಹೆಸರೇ ದಿನಕ್ಕೊಮ್ಮೆ ಮರೆಯುತ್ತಾಳೆ. ಶಿಲುಬೆ ಗುರುತು ಹಾಕಿಕೊಂಡು ಒಳಗೆ ಹೋದಳು. ಒಳ್ಳೆಯದೇ ಆಯಿತು, ವಿವರಿಸುವ ಕೆಲಸ ತಪ್ಪಿತು.

ಜನವರಿ 24, ಶನಿವಾರ

ಎಲ್ಲ ಹಾಳಾಯಿತು.

ಬೆಳಿಗ್ಗೆ ಮಾಂಯ್ ತಿಂಡಿ ಬೇಡವೆಂದಳು. ಹಟವೆಂದುಕೊಂಡೆ. ಮಧ್ಯಾಹ್ನ ಗಂಜಿಯ ತಟ್ಟೆಯನ್ನೂ ಹಿಂದಕ್ಕೆ ನೂಕಿದಳು. ಎರಡಕ್ಕೆ ಪರೀಕ್ಷೆ, ನನಗೆಲ್ಲಿ ವ್ಯವಧಾನ? ಸಕ್ಕರೆ ಕಾಯಿಲೆಯವಳು ಉಪವಾಸ ಕೂತಿದ್ದಾಳೆ ಎಂದು ಹೊಳೆಯಲೇ ಇಲ್ಲ.

ಪೇಪರ್ ಸುಲಭ ಇತ್ತು. ಅದೇ ಹೊಟ್ಟೆ ಉರಿಸುತ್ತಿರುವುದು. ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದೆ. ಗೋಡೆ ಗಡಿಯಾರ ಮೂರು ಹೊಡೆಯಿತು. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಶುಭ ಶುಕ್ರವಾರದ ಮೂರು ಗಂಟೆಗೆ ಪ್ರಭು ಪ್ರಾಣ ಬಿಟ್ಟ ಹೊತ್ತು ಎಂದು ನಮ್ಮಲ್ಲಿ ಎಲ್ಲರೂ ಮೊಣಕಾಲೂರುತ್ತೇವೆ. ಮುಸುಕು ನೋಡಿ ಇವತ್ತೇ ಆ ದಿನವೆಂದುಕೊಂಡಿದ್ದ ಮಾಂಯ್ ಸ್ನಾನದ ಮಧ್ಯದಿಂದ ಎದ್ದು ಬಂದಿದ್ದಳು. ಮೈಮೇಲೆ ಒದ್ದೆ ಲಂಗ, ಭುಜಕ್ಕೆ ಒಂದು ಟವೆಲು. ನನ್ನ ಬೆನ್ನ ಹಿಂದೆ, ಮುಸುಕು ಹಾಕಿದ ಆಲ್ತಾರಿನ ಮುಂದೆ, ಗೋಡೆ ಹಿಡಿದುಕೊಂಡು ಮೊಣಕಾಲೂರಿ ಕೊಂಕಣಿಯಲ್ಲಿ ಜೋರಾಗಿ ಜಪ ಶುರುಮಾಡಿದಳು.

ನಾನು ತಿರುಗಬಾರದು. ತಿರುಗಿದರೆ ತಪ್ಪು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ನನ್ನ ತಾಯಿಯ ಬರಿ ಬೆನ್ನು ಕಾಣುತ್ತಿತ್ತು. ಆಮೇಲೆ ಅವಳು ಈ ಕಡೆ ತಿರುಗಿ "ಬಾ, ಮೊಣಕಾಲೂರು, ಮೂರಾಯಿತು" ಎಂದು ನನ್ನನ್ನು ಕರೆದಳು. ಪರೀಕ್ಷೆ ಅಲ್ಲಿಗೇ ನಿಂತಿತು.

ನಾನು ಅವಳಿಗೆ ಬೈದೆ. ಜೋರಾಗಿಯೇ ಬೈದೆ. ಎದ್ದು ನಿಲ್ಲಲು ಹೋದವಳು ನಡುಗಿ ಕುಸಿದಳು. ಸಕ್ಕರೆ ನೀರು ಕುಡಿಸಿ, ಮೈ ಒರೆಸಿ ಮಲಗಿಸಿದೆ. "ಶುಭ ಶುಕ್ರವಾರ ಊಟ ಮಾಡಬಹುದಾ?" ಎಂದು ಕೇಳಿ ಕೇಳಿ ಗಂಜಿ ಕುಡಿದಳು. ನೇರಳೆ ಬಟ್ಟೆ ಕಿತ್ತು ಪೆಟ್ಟಿಗೆಗೆ ಎಸೆದೆ.

ಜನವರಿ 25, ಭಾನುವಾರ

ಇಗರ್ಜಿಯ ಪೂಜೆಗೆ ಹೋಗಲಿಲ್ಲ. ಯಾರೊಂದಿಗೂ ಮಾತು ಬೇಡ.

ಜನವರಿ 27, ಮಂಗಳವಾರ

ಯುನಿವರ್ಸಿಟಿಯಿಂದ ಮಿಂಚಂಚೆ. ಅಕ್ರಮದ ಶಂಕೆ ಇರುವುದರಿಂದ ಫಲಿತಾಂಶ ತಡೆಹಿಡಿಯಲಾಗಿದೆ, 31ರ ಪೇಪರಿಗೂ ಸದ್ಯ ಅನುಮತಿ ಇಲ್ಲ. ಸಾಕ್ಷ್ಯ ಲಗತ್ತಿಸಿದೆ. ಸಾಕ್ಷ್ಯವೆಂದರೆ ನಲವತ್ತು ಸೆಕೆಂಡಿನ ವಿಡಿಯೋ.

ನೋಡಿದೆ. ಮಾಂಯ್ ಒದ್ದೆ ಲಂಗದಲ್ಲಿ ಬರುತ್ತಾಳೆ. ಟವೆಲು ಜಾರುತ್ತದೆ. ಅವಳ ಮುಖದ ಸುತ್ತ ಒಂದು ಕೆಂಪು ಚೌಕ, ಅವಳು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತದೆ. ಚೌಕದ ಮೇಲೆ ಬರೆದಿದೆ: ಅಪರಿಚಿತ ವ್ಯಕ್ತಿ 1.

ನಮ್ಮ ಮನೆಯಲ್ಲಿ, ನನ್ನ ತಾಯಿ, ಅಪರಿಚಿತ ವ್ಯಕ್ತಿ! ಸೆರಗು ಹೊದೆಯದೆ ಹಾಲು ಹಾಕುವವನ ಎದುರಿಗೂ ಬಾರದ ಹೆಂಗಸು. ಆಸ್ಪತ್ರೆಯಲ್ಲೂ ಗಂಡಸು ಡಾಕ್ಟರಾದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವಳನ್ನು ಯಾರೋ ಕೂತು ನೋಡಿ, ಎಲ್ಲಿಂದ ಎಲ್ಲಿಯವರೆಗೆ ಬೇಕೋ ಅಷ್ಟು ಕತ್ತರಿಸಿ, ಹೆಸರಿಟ್ಟು ಕಳಿಸಿದ್ದಾರೆ.

ಕೊನೆಯಲ್ಲಿ ದಾರಿಯೂ ತೋರಿಸಿದ್ದಾರೆ. 30ರ ಸಂಜೆ ಐದರೊಳಗೆ ಆ ವ್ಯಕ್ತಿಯ ಗುರುತಿನ ಚೀಟಿ, ನೇರ ನೋಟದ ಮುಖದ ಫೋಟೋ, ಮತ್ತು ಅವರೇ ಅಭ್ಯರ್ಥಿಯ ಹೆಸರು, ಸಂಬಂಧ ಹೇಳುವ ಹತ್ತು ಸೆಕೆಂಡಿನ ವಿಡಿಯೋ ಕಳಿಸಬೇಕು. ಮುಖ ತಾಳೆಯಾದರೆ ಶಂಕೆ ಕೈಬಿಡುತ್ತಾರೆ.

ಸಹಾಯವಾಣಿಗೆ ಫೋನ್ ಮಾಡಿದೆ. ಮೊದಲು ಆ ವಿಡಿಯೋ ಅಳಿಸಿ, ಆಮೇಲೆ ಬೇರೆ ಮಾತು ಅಂದೆ. ಅಳಿಸಲು ನಿಯಮವಿಲ್ಲವಂತೆ. ನನ್ನ ತಾಯಿ ಯಾವ ಪರೀಕ್ಷೆಗೂ ಕೂತಿಲ್ಲ, ಯಾವ ಗುಂಡಿಯನ್ನೂ ಒತ್ತಿಲ್ಲ, ಅವಳ ಮುಖ ನಿಮಗೇಕೆ ಅಂದೆ.

"ಒಂದು ಫೋಟೋ ತಾನೇ ಮೇಡಂ, ಅದರಿಂದ ಅವರಿಗೇನಾಗುತ್ತೆ?" ಅಂದಳು.

ಎಷ್ಟು ಸಲೀಸಾಗಿ ಅಂದಳು! ಹೀಗೆ ಮಾತಾಡಲು ಮನಸ್ಸಾದರೂ ಹೇಗೆ ಬರುತ್ತದೆ ಜನಕ್ಕೆ?

ಜನವರಿ 28, ಬುಧವಾರ

ಬೆಳಿಗ್ಗೆ ಹಾಜರಿ ಹಿಡಿಯುವಾಗ ಕೈ ಜಾರಿ ಆ್ಯಪಿನಲ್ಲಿ ಬೇರೆ ಏನೋ ತೆರೆದುಕೊಂಡಿತು. "ಒಪ್ಪದ ಮುಖಗಳು" ಎಂದು ಒಂದು ಪುಟ. ಅದರ ಒಳಗೆಲ್ಲ ಚಿನ್ನಮ್ಮ. ಮೂವತ್ತೊಂದು ಚಿನ್ನಮ್ಮ, ಕೆಂಪು ಚೌಕದೊಳಗೆ. ಕಣ್ಣು ಮುಚ್ಚಿದ್ದು, ಮುಖ ತಿರುಗಿಸಿದ್ದು, ಬಾಯಿ ತೆರೆದದ್ದು. ತಲೆಬಟ್ಟೆ ಬಿಚ್ಚುವಾಗಿನದೂ ಎರಡಿತ್ತು, ಅಡ್ಡ ಹಿಡಿದ ಕೈ ಸಮೇತ. ಅಳಿಸಲು ಒತ್ತಿದೆ. ಅನುಮತಿ ಇಲ್ಲ ಎಂದಿತು.

ತಲೆಯೆತ್ತಿ ನೋಡಿದರೆ ಚಿನ್ನಮ್ಮನ ಸರದಿ ಬಂದಿತ್ತು. ನಾನು ಹೇಳುವ ಮೊದಲೇ ಅವಳು ಬಿಸಿಲಿರುವ ಜಾಗಕ್ಕೆ ಹೋಗಿ ನಿಂತು ಗಂಟು ಬಿಚ್ಚತೊಡಗಿದ್ದಳು.

ಫೋನಿನ ಚಾರ್ಜ್ ಮುಗಿಯಿತು ಎಂದು ಹೇಳಿ ಬೀರುವಿನಿಂದ ಚೆಕ್‌ರೋಲ್ ಪುಸ್ತಕ ತರಿಸಿದೆ. ಚಾರ್ಜ್ ಇತ್ತು, ಅರವತ್ತರ ಮೇಲೆಯೇ. ಯಾಕೆ ಹಾಗೆ ಹೇಳಿದೆನೋ. ಈ ವಾರ ನಿದ್ದೆ ಸರಿಯಿಲ್ಲ, ಅದಕ್ಕೇ ಇರಬೇಕು. ಪೆನ್ನಿನಲ್ಲಿ ಬರೆದರೆ ಹಾಜರಿ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ.

ಜನವರಿ 29, ಗುರುವಾರ

ಇವತ್ತೂ ಪುಸ್ತಕದಲ್ಲೇ ಬರೆದೆ. ಪ್ರಜ್ವಲ್ ಆಫೀಸಿಗೆ ಕರೆಸಿದರು.

"ಎರಡ್ ದಿನದಿಂದ ಫೋಟೋನೇ ಬಂದಿಲ್ವಲ್ಲ ಕ್ಯಾರೋಲಿನ್? ಚಾರ್ಜರ್ ಕೆಟ್ಟೋಗಿದ್ರೆ ಹೇಳಿ, ಹೊಸದು ಕೊಡಿಸ್ತೀನಿ."

"ಸರ್, ಆ ಫೋಟೋಗಳು ಎಲ್ಲಿಗೆ ಹೋಗ್ತವೆ?"

"ಕಂಪನಿಯವ್ರ ಹತ್ರ ಇರ್ತವೆ. ನನಗೂ ಕಾಣ್ತವೆ. ಯಾಕ್ರೀ?"

"ಹೆಂಗಸರು, ಸರ್."

"ಅಯ್ಯೋ, ನಾನೇನ್ ಕೂತ್ಕೊಂಡು ನೋಡ್ತೀನಾ? ನೀವೇ ಹಿಡ್ದಿರೋದಲ್ವಾ?"

ಹೊರಗೆ ಬಂದುಬಿಟ್ಟೆ. ದೊಡ್ಡವರ ಮಕ್ಕಳೊಂದಿಗೆ ವಾದ ಮಾಡಿ ಅಭ್ಯಾಸವಿಲ್ಲ. ನನಗಿರುವ ತಾಪತ್ರಯವೇ ಸಾಕಷ್ಟಿದೆ, ನಾಳೆ ಕೊನೆಯ ದಿನ.

ಜನವರಿ 30, ಶುಕ್ರವಾರ

ಕಳಿಸುವುದೆಂದೇ ನಿಶ್ಚಯ ಮಾಡಿದ್ದೆ. ಎರಡು ವರ್ಷ ಓದಿದ್ದೇನೆ. ಹೋದ ಮಾನ ವಾಪಸ್ ಬರುವುದಿಲ್ಲ, ಕೆಲಸವಾದರೂ ಬರಲಿ.

ನಾಲ್ಕು ಗಂಟೆಗೆ ಮಾಂಯ್‌ಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಫೋಟೋ ಎಂದ ಕೂಡಲೆ ಅವಳು ಇಗರ್ಜಿಗೆ ಉಡುವ ಸೀರೆಯನ್ನೇ ಕೇಳಿದಳು. ಉಡಿಸಿದೆ. ಪೌಡರ್ ಹಾಕಿಸಿಕೊಂಡಳು, ಬೆಂಡೋಲೆ ಸರಿಮಾಡಿಕೊಂಡಳು. ಫೋಟೋ ಚೆನ್ನಾಗಿಯೇ ಬಂತು. ಇನ್ನು ವಿಡಿಯೋ.

"ಮಾಂಯ್, ಇದನ್ನು ನೋಡಿಕೊಂಡು ನನ್ನ ಹೆಸರು ಹೇಳು. ನಾನು ನಿನ್ನ ಮಗಳು ಅಂತ ಹೇಳು."

ಅವಳು ಫೋನ್ ನೋಡಿದಳು. ನನ್ನನ್ನು ನೋಡಿದಳು. ನಕ್ಕಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೆಸರು ಬರಲಿಲ್ಲ. ಎರಡನೇ ಸಲವೂ ಬರಲಿಲ್ಲ. ನಾನು ಹೇಳಿಕೊಟ್ಟೆ, ಅವಳು ಹೇಳಲು ಹೋಗಿ ಸತ್ತುಹೋದ ತನ್ನ ಅಕ್ಕನ ಹೆಸರು ಹೇಳಿದಳು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. "ಇನ್ನೊಂದು ಸಲ ಮಾಂಯ್, ಸರಿಯಾಗಿ ನೋಡಿ ಹೇಳು" ಎಂದು ನನ್ನ ದನಿ ಏರಿತು.

ಅವಳು ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದಳು. "ನಾನೇನು ತಪ್ಪು ಮಾಡಿದೆ? ಇದು ಪೊಲೀಸಿನವರಿಗಾ?"

ಪಕ್ಕದಲ್ಲಿದ್ದ ಮಡಚಿದ ಬಟ್ಟೆಯ ಕೆಳಗೆ ಫೋನನ್ನು ಇಟ್ಟೆ. ಅವಳ ಕೈ ಹಿಡಿದುಕೊಂಡು ಕೂತೆ. ಗಡಿಯಾರ ಐದು ಹೊಡೆಯಿತು. "ಮೂರಾಯಿತಾ?" ಎಂದಳು. ಮೂರು ಅಲ್ಲ ಮಾಂಯ್, ಐದು, ಕಾಫಿ ಹೊತ್ತು ಅಂದೆ. ಇಬ್ಬರೂ ಕಾಫಿ ಕುಡಿದೆವು. ಅವಳು ಒಳಗೆ ಹೋದ ಮೇಲೆ ಅತ್ತೆ.

ಜನವರಿ 31, ಶನಿವಾರ

ಸಿಸ್ಟರ್‌ಗೆ ಫೋನ್ ಮಾಡಿ ಹೇಳಿದೆ. "ಛೇ, ಒಂದು ಫೋಟೋ ಕಳಿಸಿಬಿಡಬಹುದಿತ್ತಲ್ಲ" ಅಂದರು. ಆ ಜಾಗಕ್ಕೆ ಆಲೂರಿನ ಒಬ್ಬ ಹುಡುಗಿಯೂ ಕೇಳಿದ್ದಾಳಂತೆ. ಅವಳಿಗೆ ಒಳ್ಳೆಯದಾಗಲಿ ಎಂದೆ. ಮನಸ್ಸಿನಿಂದ ಅನ್ನಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅದೇ ಕಿಟಕಿಯ ಪಕ್ಕ ಕೂತೆ. ಪರೀಕ್ಷೆ ಬರೆಯಬೇಕಾಗಿದ್ದ ಎರಡು ಗಂಟೆಯಲ್ಲಿ ಯುನಿವರ್ಸಿಟಿಗೆ ಕಾಗದ ಬರೆದೆ. ಮಿಂಚಂಚೆಯಲ್ಲಲ್ಲ, ಹಾಳೆಯ ಮೇಲೆ. ನನ್ನ ತಾಯಿಯನ್ನು ಕೇಳದೆ ಅವಳ ಮುಖ ಹಿಡಿದವರು ಯಾರು? ಯಾರ್ಯಾರು ನೋಡಿದ್ದೀರಿ? ಎಲ್ಲಿ ಇಟ್ಟಿದ್ದೀರಿ? ಯಾವ ದಿನ ಅಳಿಸುತ್ತೀರಿ? ಅಳಿಸಿದ್ದೇವೆಂದು ಬರೆದುಕೊಡಿ. ಲಕ್ಕಯ್ಯ ಯಸಳೂರಿಗೆ ಹೊರಟಿದ್ದ, ರಿಜಿಸ್ಟರ್ ಪೋಸ್ಟಿಗೆ ಹಾಕಲು ಅವನ ಕೈಗೆ ಕೊಟ್ಟೆ. ಏನೆಂದು ಕೇಳಿದ, ಹೇಳಿದೆ. "ಥೂ ಅವ್ರ" ಎಂದು ಬೈದುಕೊಂಡು ಜೀಪು ಹತ್ತಿದ.

ಫೆಬ್ರವರಿ 2, ಸೋಮವಾರ

ಪ್ರಜ್ವಲ್ ಹೇಳಿ ಕಳಿಸಿದ್ದಾರೆ, ನಾಳೆಯಿಂದ ಹಾಜರಿ ಫೋನಿನಲ್ಲೇ ಆಗಬೇಕು.

ಸಂಜೆ ಕೆಲಸ ಬಿಟ್ಟ ಮೇಲೆ ಚಿನ್ನಮ್ಮ ಮನೆ ಬಾಗಿಲಿಗೆ ಬಂದಳು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಒಳಗೆ ಕರೆದರೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತಳು.

"ನಿಮ್ಮವ್ವನ ಫೋಟೋ ಹಿಡ್ಕಂಡವ್ರಂತೆ, ಅಳ್ಸಿ ಅಂತ ನೀವು ಕಾಗ್ದ ಬರುದ್ರಂತೆ. ಲಕ್ಕಯ್ಯಣ್ಣ ಹೇಳ್ತು."

"ಹೂಂ."

"ನಂದೂ ಒಂದ್ ಬರ್ಕೊಡಿ ರೈಟ್ರಮ್ಮ. ಸಣ್ಣ ಸಾವ್ಕಾರ್ರಿಗೆ ಕೊಡ್ತೀನಿ."

ಹಾಳೆ ತಂದೆ. ಯುನಿವರ್ಸಿಟಿಗೆ ಬರೆದ ಕಾಗದದ ನಕಲನ್ನು ಪಕ್ಕದಲ್ಲಿಟ್ಟುಕೊಂಡೆ, ಹೆಸರು ಬದಲಾಯಿಸಿದರೆ ಆಯಿತೆಂದುಕೊಂಡಿದ್ದೆ. ಯಾರ್ಯಾರು ನೋಡಿದ್ದೀರಿ, ಸರಿ. ಎಲ್ಲಿ ಇಟ್ಟಿದ್ದೀರಿ, ಸರಿ. ಮೊದಲನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಹಿಡಿದವರು ಯಾರು ಎಂದು ಪ್ರಜ್ವಲ್‌ರನ್ನು ಕೇಳುವುದು ಹೇಗೆ? ಆ ಸಾಲು ಬಿಟ್ಟುಬಿಡೋಣವೆನಿಸಿತು. ಚಿನ್ನಮ್ಮನಿಗೆ ಓದಲು ಬಾರದು, ಬಿಟ್ಟರೂ ಗೊತ್ತಾಗುವುದಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ತಲೆಬಟ್ಟೆಯ ಗಂಟನ್ನು ಬಿಗಿಮಾಡಿಕೊಳ್ಳುತ್ತಿದ್ದಳು.

ಬರೆದೆ. ಮುಗಿದ ಮೇಲೆ ಓದಿ ಹೇಳಿ ಅಂದಳು. ಓದಿದೆ.

"ಚಿನ್ನಮ್ಮ ಬೇಡವೆಂದು ಕೈ ಅಡ್ಡ ಹಿಡಿದರೂ ಕೇಳದೆ, ಎಲ್ಲರೆದುರು ಅವಳ ತಲೆಬಟ್ಟೆ ಬಿಚ್ಚಿಸಿ ಫೋಟೋ ಹಿಡಿದವಳು ಈ ಎಸ್ಟೇಟಿನ ರೈಟರ್ ಆದ ಕ್ಯಾರೋಲಿನ್ ಎಂಬ ನಾನು. ನಾಳೆಯಿಂದ ನಾನು ಹಿಡಿಯುವುದಿಲ್ಲ."

ಮುಂದಿನ ಸಾಲಿಗೆ ಹೋಗುತ್ತಿದ್ದೆ. ಚಿನ್ನಮ್ಮ ಕೈ ಎತ್ತಿ ನಿಲ್ಲಿಸಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಂಗಳದ ಕಡೆ ನೋಡುತ್ತಿದ್ದಳು.

"ಅದ ಇನ್ನೊಂದ್ ಸತಿ ಓದಿ" ಅಂದಳು.

ಇನ್ನೊಂದು ಸಲ ಓದಿದೆ.